ಬರಹ ಹೊರಬಂತು, ಓದುಗರು ಒಳಗೇ ಉಳಿದರು

ನಾನು ಒಂಬತ್ತು ವರ್ಷ ಬರೆದ ಬ್ಲಾಗ್ ಸೇವೆಯೊಂದು ಬಾಗಿಲು ಹಾಕುವುದಾಗಿ ಒಂದು ದಿನ ಇಮೇಲ್ ಕಳುಹಿಸಿತು. ‘ನಿಮ್ಮ ಬರಹವೆಲ್ಲ ನಿಮ್ಮದೇ, ಇಲ್ಲಿ ಒತ್ತಿ ಇಳಿಸಿಕೊಳ್ಳಿ’ ಎಂಬ ಸೌಜನ್ಯದ ಸಾಲೂ ಅದರಲ್ಲಿತ್ತು. ಒತ್ತಿದೆ. ಒಂದು ಜಿಪ್ ಕಡತ ಬಂತು. ಬಿಚ್ಚಿ ನೋಡಿದರೆ ಬರಹಗಳೆಲ್ಲ ಒಂದೇ ಉದ್ದನೆಯ ಎಕ್ಸ್‌ಎಂಎಲ್ ಕಡತದಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ಚಿತ್ರಗಳಿರಬೇಕಾದ ಜಾಗದಲ್ಲಿ, ಇನ್ನೆರಡು ತಿಂಗಳಲ್ಲಿ ಆರಿಹೋಗಲಿದ್ದ ಅದೇ ಸರ್ವರಿನ ವಿಳಾಸಗಳಿದ್ದವು. ಪ್ರತಿಕ್ರಿಯೆ ಬರೆದವರ ಹೆಸರುಗಳಿದ್ದವು, ಅವರನ್ನು ತಲುಪುವ ದಾರಿ ಇರಲಿಲ್ಲ. ನನ್ನನ್ನು ಹಿಂಬಾಲಿಸುತ್ತಿದ್ದವರ ಪಟ್ಟಿಯ ಸುಳಿವೇ ಇರಲಿಲ್ಲ.

ಬರಹ ಕೈಗೆ ಬಂತು, ಬ್ಲಾಗ್ ಬರಲಿಲ್ಲ. ಈ ಎರಡರ ನಡುವಿನ ಅಂತರವನ್ನೇ ತಂತ್ರಾಂಶದವರು ಲಾಕ್-ಇನ್ ಎನ್ನುತ್ತಾರೆ. ನಾವು ಬೀಗ ಎನ್ನೋಣ. ವಿಚಿತ್ರವೆಂದರೆ ಇಲ್ಲಿ ಬಾಗಿಲು ತೆರೆದೇ ಇರುತ್ತದೆ, ಹೊರಡುವವರನ್ನು ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಹೊರಗೆ ಕಾಲಿಟ್ಟರೆ ಎಷ್ಟು ಕಳೆದುಹೋಗುತ್ತದೆ ಎಂಬುದರಲ್ಲೇ ಬೀಗದ ಬಲವೆಲ್ಲ ಅಡಗಿದೆ. ಕಳೆದುಹೋಗುವುದೂ ಒಂದೇ ಬಗೆಯದ್ದಲ್ಲ: ಬರಹದ ರೂಪ ಕೆಡುತ್ತದೆ, ಬರಹದ ವಿಳಾಸ ಸಾಯುತ್ತದೆ, ಬರೆದವರ ಗುರುತು ಅಳಿಯುತ್ತದೆ, ಓದುವವರ ನಂಟು ಕಡಿಯುತ್ತದೆ. ಮೊದಲನೆಯದಕ್ಕೆ ಮದ್ದು ಇಪ್ಪತ್ತು ವರ್ಷಗಳಿಂದ ಇದೆ. ಕೊನೆಯದರ ಬೀಗ ಇವತ್ತಿಗೂ ಅರ್ಧ ಮಾತ್ರ ತೆರೆದಿದೆ. ‘ಇಳಿಸಿಕೊಳ್ಳಿ’ ಎಂಬ ಗುಂಡಿ ಬಹಳಷ್ಟು ಸಲ ಮೂಗಿಗೆ ತುಪ್ಪ ಸವರುವ ಕೆಲಸವನ್ನಷ್ಟೇ ಮಾಡುತ್ತದೆ ಎಂದು ನಾನು ಹೇಳುವುದು ಅದಕ್ಕೇ.

ಕಂಪನಿಗಳೆಲ್ಲ ದುರುದ್ದೇಶದಿಂದಲೇ ಬೀಗ ಹಾಕುತ್ತವೆ ಎಂದು ನಾನು ನಂಬುವುದಿಲ್ಲ. ಎಷ್ಟೋ ಸಲ ಅದು ದತ್ತಾಂಶದ ಕೋಷ್ಟಕ ರಚಿಸಿದವರ ಅನುಕೂಲದಿಂದಲೇ ಹುಟ್ಟಿಕೊಳ್ಳುತ್ತದೆ. ಪ್ರತಿ ಖಾತೆಗೆ ಒಂದು ಕ್ರಮಸಂಖ್ಯೆ. ಯಾರು ಯಾರನ್ನು ಹಿಂಬಾಲಿಸುತ್ತಾರೆ ಎಂಬುದಕ್ಕೆ ಎರಡು ಕ್ರಮಸಂಖ್ಯೆಗಳ ಜೋಡಿ. 48213 ಸಂಖ್ಯೆಯವರು 90771 ಸಂಖ್ಯೆಯವರನ್ನು ಹಿಂಬಾಲಿಸುತ್ತಾರೆ. ಗೋಡೆಯ ಒಳಗೆ ಇದು ಪೂರ್ತಿ ಸಂಬಂಧ, ಗೋಡೆಯ ಹೊರಗೆ ಎರಡು ಅಂಕಿ. ಈ ಅನುಕೂಲದಲ್ಲಿ ಲಾಭವೂ ಇದೆ ಎಂದು ಗೊತ್ತಾದ ಮೇಲೆ ದುರುದ್ದೇಶ ಬಂದು ಸೇರಿಕೊಳ್ಳುತ್ತದೆ.

ಬ್ಲಾಗುಗಳಿಗಿದ್ದ ಅದೃಷ್ಟ

ಬ್ಲಾಗಿಂಗ್ ಬೆಳೆದ ಕಾಲ ಒಳ್ಳೆಯದಿತ್ತು. 2001ರಲ್ಲಿ ಬ್ಲಾಗರ್ ಸೇವೆ ತನ್ನ ಎಪಿಐಯನ್ನು ಹೊರಬಿಟ್ಟಿತು. ಅಂದರೆ, ಬೇರೆಯವರು ಬರೆದ ತಂತ್ರಾಂಶ ಕೂಡ ಅಲ್ಲಿಗೆ ಬರಹ ಸೇರಿಸಬಲ್ಲ ಒಂದು ಕಿಂಡಿ. ಮರುವರ್ಷ ಮೆಟಾವೆಬ್ಲಾಗ್ ಎಪಿಐ ಬಂತು. ಪರಸ್ಪರ ಸ್ಪರ್ಧಿಗಳಾಗಿದ್ದ ಬ್ಲಾಗ್ ತಂತ್ರಾಂಶಗಳು ಅದನ್ನೇ ಅಳವಡಿಸಿಕೊಂಡವು. ಒಂದೇ ಸಂಪಾದಕ ತಂತ್ರಾಂಶದಲ್ಲಿ ಬರೆದು ಯಾವ ಬ್ಲಾಗಿಗೆ ಬೇಕಾದರೂ ಕಳುಹಿಸಬಹುದಾಯಿತು. ಓದುವ ಕಡೆಯಲ್ಲಿ ಆರ್‌ಎಸ್‌ಎಸ್ ಇತ್ತು, ಅಂದರೆ ತಾಣದ ಹೊಸ ಬರಹಗಳನ್ನು ಓದುಗರ ತಂತ್ರಾಂಶಕ್ಕೆ ತಲುಪಿಸುವ ಪಟ್ಟಿಯ (ಫೀಡಿನ) ಒಂದು ಮಾದರಿ; 2005ರಲ್ಲಿ ಆ್ಯಟಂ ಎಂಬ ಇನ್ನೊಂದು ಫೀಡ್ ಮಾದರಿ ಅಧಿಕೃತ ಮಾನಕವಾಯಿತು.

ಇದರ ಫಲ 2004ರಲ್ಲೇ ಕಂಡಿತ್ತು. ಆಗ ಜನಪ್ರಿಯವಾಗಿದ್ದ ಮೂವಬಲ್ ಟೈಪ್ ತಂತ್ರಾಂಶ ತನ್ನ ಪರವಾನಗಿ ನಿಯಮಗಳನ್ನು ಬಿಗಿ ಮಾಡಿದಾಗ ಬರಹಗಾರರು ಗುಂಪುಗುಂಪಾಗಿ ವರ್ಡ್‌ಪ್ರೆಸ್ ಕಡೆ ನಡೆದರು. ವರ್ಡ್‌ಪ್ರೆಸ್ ಹುಟ್ಟಿ ಆಗ ಒಂದು ವರ್ಷವಾಗಿತ್ತಷ್ಟೆ. ಹಳೆಯ ಬರಹಗಳನ್ನು ಆಮದು ಮಾಡಿಕೊಳ್ಳುವ ಸಾಧನ ಅದರಲ್ಲಿತ್ತು, ಬಹಳ ಜನರ ಬ್ಲಾಗು ಅವರದೇ ಡೊಮೇನಿನಲ್ಲಿ, ಅಂದರೆ ತಾವೇ ನೋಂದಾಯಿಸಿಕೊಂಡ ಜಾಲ ಹೆಸರಿನಲ್ಲಿ, ಇತ್ತು. ತಂತ್ರಾಂಶ ಬದಲಾದರೂ ಓದುಗರ ಪಾಲಿಗೆ ವಿಳಾಸ ಅದೇ ಆಗಿತ್ತು.

ಇದಕ್ಕಿಂತ ಪಾಠವುಳ್ಳ ಘಟನೆ, ಹಲವು ತಾಣಗಳ ಫೀಡುಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರಿನದು. ಕೋಪದಲ್ಲಿ ಎಲ್ಲರೂ ಅದರ ಸಾವನ್ನಷ್ಟೇ ನೆನೆಯುತ್ತಾರೆ, ನಂತರ ಏನಾಯಿತು ಎಂಬುದನ್ನು ಮರೆಯುತ್ತಾರೆ. 2013ರ ಜುಲೈ 1ರಂದು ಅದು ನಿಂತಿತು. ಬಳಕೆದಾರರು ತಾವು ಓದುತ್ತಿದ್ದ ತಾಣಗಳ ಪಟ್ಟಿಯನ್ನು ಒಂದು ಸಣ್ಣ ಕಡತವಾಗಿ ಇಳಿಸಿಕೊಂಡು ಇನ್ನೊಂದು ರೀಡರಿಗೆ ಹಾಕಿದರು, ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಬರೆಯುವವರು ಏನನ್ನೂ ಮಾಡಬೇಕಾಗಲಿಲ್ಲ. ತಮ್ಮ ಓದುಗರು ಮನೆ ಬದಲಿಸಿದ್ದು ಅವರಿಗೆ ಗೊತ್ತಾಗಲೂ ಇಲ್ಲ. ಕಾರಣ ಸರಳ. ಆ ಪಟ್ಟಿಯಲ್ಲಿ ಇದ್ದದ್ದು ರೀಡರಿನ ಒಳಗಿನ ಕ್ರಮಸಂಖ್ಯೆಗಳಲ್ಲ, ಪ್ರತಿ ಬ್ಲಾಗಿನ ಸ್ವಂತ ಜಾಲ ವಿಳಾಸ. ಮಧ್ಯವರ್ತಿ ಸತ್ತರೂ ನಂಟು ಬದುಕಿತು. ಪಾಡ್‌ಕಾಸ್ಟುಗಳು ಇಂದಿಗೂ ಹೀಗೆಯೇ ಬದುಕಿವೆ: ಧ್ವನಿ ಕಡತಗಳನ್ನಿಡುವ ಸೇವೆಯನ್ನು ಬದಲಿಸಿದರೆ ಹಳೆಯ ಫೀಡ್ ಹೊಸ ಫೀಡಿನತ್ತ ಕೈತೋರಿಸುತ್ತದೆ, ಕೇಳುಗರ ಆ್ಯಪ್ ಸದ್ದಿಲ್ಲದೆ ಅತ್ತ ತಿರುಗಿಕೊಳ್ಳುತ್ತದೆ.

ಫೇಸ್‌ಬುಕ್, ಟ್ವಿಟರ್‌ಗಳ ಕಾಲದಲ್ಲಿ ಕೈತಪ್ಪಿಹೋದದ್ದು ಈ ಗುಣವೇ. ಸ್ನೇಹಿತರು, ಹಿಂಬಾಲಕರು ಎಲ್ಲರೂ ಗೋಡೆಯೊಳಗಿನ ಅಂಕಿಗಳಾದರು.

ಎಲ್ಲ ಕಡೆ ಹಂಚುವ ತಂತ್ರಾಂಶ

ಬೀಗ ಮುರಿಯಲು ಹೊರಟವರು ಮೊದಲು ಹಿಡಿದ ದಾರಿ ಇದು: ಮೂಲ ಬರಹ ನನ್ನ ಸ್ವಂತ ತಾಣದಲ್ಲಿರಲಿ, ಪ್ರತಿಗಳು ಬೇರೆ ಬೇರೆ ಜಾಲಗಳಿಗೆ ಹೋಗಲಿ. ಸ್ವಂತ ತಾಣಗಳ ಪರವಾಗಿರುವ ಇಂಡಿವೆಬ್ ಬಳಗದವರು ಇದನ್ನು ‘ಪಾಸಿ’ ಎಂದು ಕರೆಯುತ್ತಾರೆ. ಮೊದಲು ನಮ್ಮ ಅಂಗಳದಲ್ಲಿ, ಆಮೇಲೆ ಊರಲ್ಲಿ ಎಂದು ಅದರ ಭಾವಾರ್ಥ. ಕೇಳಲು ಇದು ಸುಲಭದ ಕೆಲಸ. ಬರೆಯಲು ಕುಳಿತರೆ ತಂತ್ರಾಂಶದ ಒಂದೊಂದೇ ಮುಳ್ಳು ಚುಚ್ಚತೊಡಗುತ್ತದೆ.

ಮೊದಲನೆಯದು ಲೆಕ್ಕಾಚಾರ. ಹತ್ತು ಸೇವೆಗಳಿವೆ ಎಂದುಕೊಳ್ಳಿ. ಪ್ರತಿಯೊಂದರಿಂದ ಉಳಿದ ಎಲ್ಲವಕ್ಕೂ ಬರಹವನ್ನು ಪರಿವರ್ತಿಸುವ ತುಣುಕು ಬರೆಯುತ್ತ ಹೋದರೆ ತೊಂಬತ್ತು ಬೇಕು. ನಡುವೆ ಒಂದು ಸಾಮಾನ್ಯ ರೂಪವನ್ನಿಟ್ಟು, ಪ್ರತಿ ಸೇವೆಗೂ ಆ ರೂಪಕ್ಕೆ ಬರುವ ಒಂದು, ಆ ರೂಪದಿಂದ ಹೊರಗೆ ಹೋಗುವ ಒಂದು ತುಣುಕು ಬರೆದರೆ ಇಪ್ಪತ್ತು ಸಾಕು. ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್ ಸೇರಿ 2018ರಲ್ಲಿ ಪ್ರಕಟಿಸಿದ ಡೇಟಾ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಈ ಲೆಕ್ಕದ ಮೇಲೆಯೇ ನಿಂತಿದೆ. ಆದರೆ ಆ ಸಾಮಾನ್ಯ ರೂಪದಲ್ಲಿ ಏನು ಉಳಿಯಬೇಕು ಎಂಬುದೇ ಜಗಳ. ಒಂದು ಜಾಲದಲ್ಲಿ ದಪ್ಪಕ್ಷರ ಇದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಪೋಸ್ಟ್ ತಿದ್ದಬಹುದು, ಇನ್ನೊಂದರಲ್ಲಿ ಅಳಿಸಿ ಮತ್ತೆ ಹಾಕಬೇಕು. ಎಲ್ಲರಿಗೂ ಒಪ್ಪುವ ರೂಪವನ್ನು ಹುಡುಕುತ್ತ ಹೋದರೆ ಕೈಯಲ್ಲಿ ಉಳಿಯುವುದು ಬರಿಯ ಪಠ್ಯ ಮತ್ತು ದಿನಾಂಕ.

ಎರಡನೆಯ ಮುಳ್ಳು ಕನ್ನಡದಲ್ಲಿ ಬರೆಯುವವರಿಗೆ ಇನ್ನಷ್ಟು ಆಳಕ್ಕೆ ಚುಚ್ಚುತ್ತದೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಮೂರು ಸಂಕೇತ, ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಒಂಬತ್ತು ಬೈಟ್. ಇಷ್ಟೇ ಅಕ್ಷರ ಎಂದು ಮಿತಿ ಹಾಕುವ ಜಾಲಗಳು ಯಾವುದನ್ನು ಎಣಿಸುತ್ತವೆ ಎಂಬುದರಲ್ಲಿ ಒಂದಕ್ಕೊಂದು ತಾಳಮೇಳವಿಲ್ಲ. ಬ್ಲೂಸ್ಕೈ ಎಂಬ ಸಾಮಾಜಿಕ ಜಾಲದಲ್ಲಿ ಪೋಸ್ಟಿನೊಳಗಿನ ಕೊಂಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬೈಟುಗಳಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಒಂದು ಬೈಟ್ ಆದ್ದರಿಂದ ಅಕ್ಷರ ಎಣಿಸಿದರೂ ಲೆಕ್ಕ ಸರಿಹೋಗುತ್ತದೆ, ತಪ್ಪು ಬಯಲಾಗುವುದಿಲ್ಲ. ಅದೇ ತಂತ್ರಾಂಶಕ್ಕೆ ಕನ್ನಡ ವಾಕ್ಯ ಕೊಟ್ಟು ನೋಡಿ: ಕೊಂಡಿ ಮೂರು ಪದ ಹಿಂದಕ್ಕೆ ಜಾರಿ ಸಂಬಂಧವೇ ಇಲ್ಲದ ಪದವೊಂದರ ನಡುವೆ ನೀಲಿಯಾಗಿ ಕುಳಿತಿರುತ್ತದೆ. ಹಂಚುವ ತಂತ್ರಾಂಶ ಬರೆಯುವವರು ಪರೀಕ್ಷೆಗೆ ಇಂಗ್ಲಿಷ್ ಬಿಟ್ಟು ಒತ್ತಕ್ಷರವುಳ್ಳ ಯಾವುದಾದರೂ ಭಾಷೆಯನ್ನು ಇಟ್ಟುಕೊಂಡರೆ ಅರ್ಧ ದೋಷಗಳು ಮೊದಲ ದಿನವೇ ಸಿಗುತ್ತವೆ.

ಮೂರನೆಯದು ಮರುದಾರಿ. ಬರಹ ನಾಲ್ಕು ಕಡೆ ಹೋಯಿತು. ಪ್ರತಿಕ್ರಿಯೆಗಳು ನಾಲ್ಕು ಕಡೆ ಬಿದ್ದವು. ಅವುಗಳನ್ನು ಮೂಲ ತಾಣಕ್ಕೆ ತಂದು ಒಂದೇ ಚರ್ಚೆಯಾಗಿ ಜೋಡಿಸಲು, ಯಾವ ಪ್ರತಿ ಯಾವ ಮೂಲದ್ದು ಎಂಬ ಪಟ್ಟಿಯನ್ನು ತಂತ್ರಾಂಶ ಕಾಪಾಡಿಕೊಳ್ಳಬೇಕು. ‘ನಿಮ್ಮ ಪುಟವನ್ನು ನನ್ನ ಪುಟ ಉಲ್ಲೇಖಿಸಿದೆ’ ಎಂದು ಒಂದು ತಾಣ ಇನ್ನೊಂದಕ್ಕೆ ತಿಳಿಸುವ ವೆಬ್‌ಮೆನ್ಷನ್ ಎಂಬ ಪುಟ್ಟ ಪದ್ಧತಿ 2017ರಲ್ಲಿ, ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನಕವಾಯಿತು. ಬ್ರಿಡ್ಜಿ ಎಂಬ ಸೇವೆ ಜಾಲಗಳಲ್ಲಿ ಬಿದ್ದ ಪ್ರತಿಕ್ರಿಯೆಗಳನ್ನು ಹೆಕ್ಕಿ ಇದೇ ಪದ್ಧತಿಯಲ್ಲಿ ಮೂಲ ತಾಣಕ್ಕೆ ತಲುಪಿಸುತ್ತದೆ.

ಇವೆಲ್ಲ ಬೆವರು ಸುರಿಸಿದರೆ ಬಗೆಹರಿಯುವ ತೊಂದರೆಗಳು. ಬಗೆಹರಿಯದ್ದು ಒಂದೇ: ಕಿಂಡಿಯ ಕೀಲಿ ಎದುರಿನವರ ಕೈಯಲ್ಲಿದೆ. 2012ರಲ್ಲಿ ಟ್ವಿಟರ್ ಹೊರಗಿನ ಆ್ಯಪ್‌ಗಳಿಗೆ ಒಂದು ಲಕ್ಷ ಬಳಕೆದಾರರ ಮಿತಿ ಹಾಕಿತು. 2023ರ ಜನವರಿಯಲ್ಲಿ ಅಂಥ ಆ್ಯಪ್‌ಗಳು ಮುನ್ಸೂಚನೆಯಿಲ್ಲದೆ ಕೆಲಸ ನಿಲ್ಲಿಸಿದವು. 2018ರ ಆಗಸ್ಟಿನಲ್ಲಿ ಫೇಸ್‌ಬುಕ್, ಹೊರಗಿನ ತಂತ್ರಾಂಶಗಳು ವೈಯಕ್ತಿಕ ಖಾತೆಗೆ ತಾವಾಗಿ ಪೋಸ್ಟ್ ಹಾಕುವ ಸೌಲಭ್ಯವನ್ನು ಕಿತ್ತುಹಾಕಿತು. ಕಿಂಡಿ ಕೊಡದಿದ್ದರೆ ಬಳಕೆದಾರರ ಒಪ್ಪಿಗೆಯ ಮೇಲೆ ಅವರ ಪಾಸ್‌ವರ್ಡ್ ಬಳಸಿ ಒಳಹೋಗುತ್ತೇವೆ ಎಂದ ಪವರ್ ವೆಂಚರ್ಸ್ ಎಂಬ ಕಂಪನಿಯೂ ಇತ್ತು. ಹಲವು ಜಾಲಗಳನ್ನು ಒಂದೇ ತೆರೆಯಲ್ಲಿ ತೋರಿಸುವುದು ಅದರ ಕಸುಬು. 2008ರ ಕೊನೆಯಲ್ಲಿ ಫೇಸ್‌ಬುಕ್ ಅದರ ಮೇಲೆ ಮೊಕದ್ದಮೆ ಹೂಡಿತು. ಬೇಡವೆಂದು ಲಿಖಿತವಾಗಿ ತಿಳಿಸಿದ ಮೇಲೂ ಒಳಹೊಕ್ಕದ್ದು ಕಾಯ್ದೆಯ ಉಲ್ಲಂಘನೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಹೇಳಿತು. ಖಾತೆಯವರು ‘ಬನ್ನಿ’ ಎಂದರೂ ಸರ್ವರಿನವರು ‘ಬೇಡ’ ಎಂದರೆ ಬೇಡವೇ.

ಹೆಸರು ಯಾರದು?

ಹೀಗಾಗಿ ಪ್ರತಿಗಳನ್ನು ಹಂಚುವುದರಿಂದ ಬೀಗ ಸಡಿಲಾಗುತ್ತದೆ, ಕಳಚುವುದಿಲ್ಲ. ಮೂಲಕ್ಕೆ ಕೈಹಾಕಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಜನ ನನ್ನನ್ನು ಯಾವ ಹೆಸರಿನಿಂದ ಹುಡುಕುತ್ತಾರೆ, ಆ ಹೆಸರಿನ ಒಡೆತನ ಯಾರದು? ಮೊಬೈಲ್ ಕಂಪನಿ ಬದಲಿಸಿದರೂ ಸಂಖ್ಯೆ ನಮ್ಮ ಜೊತೆ ಬರುತ್ತದೆ. ಇಮೇಲ್ ಹಾಗಲ್ಲ, ವಿಳಾಸದ ಬಾಲದಲ್ಲಿ ಸೇವೆಯ ಹೆಸರೇ ಇರುವುದರಿಂದ ಸೇವೆ ಬಿಟ್ಟರೆ ವಿಳಾಸವೂ ಹೋಗುತ್ತದೆ. ಸ್ವಂತ ಡೊಮೇನಿನಲ್ಲಿ ಇಮೇಲ್ ಇಟ್ಟುಕೊಂಡವರಿಗೆ ಮಾತ್ರ ಈ ತಾಪತ್ರಯವಿಲ್ಲ. ಸಾಮಾಜಿಕ ಜಾಲಗಳಲ್ಲಿ ಇದೇ ಪ್ರಶ್ನೆಗೆ ಈಗ ಎರಡು ಉತ್ತರಗಳು ಓಡಾಡುತ್ತಿವೆ.

ಒಂದು ಆ್ಯಕ್ಟಿವಿಟಿಪಬ್. 2018ರ ಜನವರಿಯಲ್ಲಿ ಡಬ್ಲ್ಯು3ಸಿ ಮಾನಕವಾದ ಈ ಪದ್ಧತಿಯನ್ನು, ಹಲವರು ನಡೆಸುವ ಸರ್ವರುಗಳಿಂದಾದ ಮಾಸ್ಟೊಡಾನ್ ಜಾಲ ಬಳಸುತ್ತದೆ. ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಯ ಥ್ರೆಡ್ಸ್ ಜಾಲ ಕೂಡ ಭಾಗಶಃ ಸೇರಿಕೊಂಡಿದೆ. ವರ್ಡ್‌ಪ್ರೆಸ್ ಬ್ಲಾಗಿಗೆ ಒಂದು ಪ್ಲಗಿನ್ ಹಾಕಿದರೆ ಬ್ಲಾಗೇ ಹಿಂಬಾಲಿಸಬಹುದಾದ ಖಾತೆಯಾಗುತ್ತದೆ. ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಇಮೇಲಿನದು. ಪ್ರತಿ ಖಾತೆಗೆ ಒಂದು ಒಳಪೆಟ್ಟಿಗೆ, ಒಂದು ಹೊರಪೆಟ್ಟಿಗೆ; ನಾನು ಬರೆದದ್ದನ್ನು ನನ್ನ ಸರ್ವರ್ ನನ್ನ ಹಿಂಬಾಲಕರ ಸರ್ವರುಗಳ ಒಳಪೆಟ್ಟಿಗೆಗೆ ಹಾಕುತ್ತದೆ. ಸರ್ವರುಗಳು ಬೇರೆ ಬೇರೆಯವರವು, ಜಾಲ ಒಂದೇ.

ಇಲ್ಲಿ ಮನೆ ಬದಲಿಸುವ ಕ್ರಮ ಚೆಂದವಾಗಿದೆ. ಹೊಸ ಖಾತೆಯಲ್ಲಿ ಮೊದಲು ‘ಆ ಹಳೆಯ ಖಾತೆಯೂ ನಾನೇ’ ಎಂದು ಬರೆದಿಡಬೇಕು. ಆಮೇಲೆ ಹಳೆಯ ಖಾತೆಯಿಂದ ‘ನಾನು ಅಲ್ಲಿಗೆ ಹೋಗಿದ್ದೇನೆ’ ಎಂಬ ಸುದ್ದಿಯನ್ನು ಹಿಂಬಾಲಕರ ಸರ್ವರುಗಳಿಗೆಲ್ಲ ಕಳುಹಿಸಬೇಕು. ಆ ಸರ್ವರುಗಳು ಎರಡೂ ಕಡೆಯ ಮಾತು ಹೊಂದುತ್ತದೆಯೇ ಎಂದು ನೋಡಿ, ಹೊಂದಿದರೆ ತಮ್ಮವರ ಪರವಾಗಿ ಹೊಸ ಖಾತೆಯನ್ನು ಹಿಂಬಾಲಿಸತೊಡಗುತ್ತವೆ. ಎರಡು ಕಡೆಯ ಸಾಕ್ಷಿ ಕೇಳುವುದರಿಂದ ಬೇರೊಬ್ಬರ ಓದುಗರನ್ನು ಕದಿಯಲು ಬರುವುದಿಲ್ಲ.

ಆದರೆ ಮಾಸ್ಟೊಡಾನಿನಲ್ಲಿ ಹಳೆಯ ಪೋಸ್ಟುಗಳು ಮಾತ್ರ ಹಳೆಯ ಸರ್ವರಿನಲ್ಲೇ ಉಳಿಯುತ್ತವೆ. ಪ್ರತಿ ಪೋಸ್ಟಿನ ಗುರುತು ಎಂದರೆ ಆ ಸರ್ವರಿನ ಡೊಮೇನಿನಲ್ಲಿರುವ ಅದರ ವಿಳಾಸವೇ ಆದ್ದರಿಂದ ಹೊಸ ಮನೆಗೆ ತಂದರೆ ಅದು ಬೇರೆಯೇ ಪೋಸ್ಟ್ ಆಗುತ್ತದೆ, ಅದಕ್ಕೆ ಬಂದಿದ್ದ ಉತ್ತರಗಳು ಅನಾಥವಾಗುತ್ತವೆ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ಹೊರಟ ಸುದ್ದಿಯನ್ನು ಹಳೆಯ ಸರ್ವರೇ ಸಾರಬೇಕು. ಅದು ರಾತ್ರೋರಾತ್ರಿ ಮುಚ್ಚಿಹೋದರೆ, ಅಥವಾ ಅದರ ಒಡೆಯರು ಮುನಿಸಿಕೊಂಡು ಖಾತೆಯನ್ನು ಅಮಾನತಿನಲ್ಲಿಟ್ಟರೆ, ಸಾರುವವರೇ ಇಲ್ಲ. ನನ್ನ ನಿರ್ಗಮನಕ್ಕೆ ನಾನು ಬಿಟ್ಟುಹೋಗುತ್ತಿರುವವರದೇ ಸಹಕಾರ ಬೇಕು.

ಎರಡನೆಯ ಉತ್ತರವಾದ ಎಟಿ ಪ್ರೋಟೋಕಾಲ್ ಈ ಕೊರತೆಯನ್ನೇ ಎದುರಿಟ್ಟುಕೊಂಡು ಹುಟ್ಟಿದ್ದು. ಬ್ಲೂಸ್ಕೈ ನಡೆಯುವುದು ಇದರ ಮೇಲೆ. ಇಲ್ಲಿ ಪ್ರತಿಯೊಬ್ಬರಿಗೂ ಡಿಐಡಿ ಎಂಬ, ಯಾವ ಸರ್ವರಿಗೂ ಅಂಟದ ಶಾಶ್ವತ ಗುರುತು ಇರುತ್ತದೆ. ಹಿಂಬಾಲಕರು ಹಿಂಬಾಲಿಸುವುದು ಆ ಗುರುತನ್ನು. ಕಣ್ಣಿಗೆ ಕಾಣುವ ಹೆಸರು ಬೇರೆ. ಅದು ಒಂದು ಡೊಮೇನ್ ಹೆಸರು. ನಿಮ್ಮ ಸ್ವಂತ ಡೊಮೇನಿನ ದಾಖಲೆಗೆ ಒಂದು ಸಾಲು ಸೇರಿಸಿದರೆ ಅದನ್ನೇ ಹೆಸರಾಗಿ ಬಳಸಬಹುದು. ಪೋಸ್ಟುಗಳು, ಇಷ್ಟಪಟ್ಟದ್ದು, ಹಿಂಬಾಲಿಸಿದ್ದು ಎಲ್ಲವೂ ಸಹಿ ಹಾಕಿದ ಒಂದೇ ಭಂಡಾರದಲ್ಲಿ ಇರುತ್ತವೆ. ಸಹಿ ಇರುವುದರಿಂದ ಆ ಭಂಡಾರವನ್ನು ಯಾವ ಸರ್ವರಿನಲ್ಲಿ ಇಟ್ಟರೂ ಅದು ನನ್ನದೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಭಂಡಾರದ ಪ್ರತಿ ನನ್ನ ಬಳಿ ಇದ್ದು, ಗುರುತನ್ನು ಬದಲಿಸುವ ಕೀಲಿಯನ್ನೂ ನಾನು ಮೊದಲೇ ಇಟ್ಟುಕೊಂಡಿದ್ದರೆ, ಹಳೆಯ ಸರ್ವರ್ ಸತ್ತರೂ ಹೊಸ ಸರ್ವರಿಗೆ ಹೋಗಿ ‘ನನ್ನ ಮನೆ ಈಗ ಇದು’ ಎಂದು ದಾಖಲೆ ತಿದ್ದಬಹುದು. ಪೋಸ್ಟೂ ಬರುತ್ತದೆ, ನಂಟೂ ಬರುತ್ತದೆ.

ಕಾಗದದ ಮೇಲೆ ಇದೇ ಗಟ್ಟಿ ಉತ್ತರ ಎಂದು ನನಗೆ ಅನ್ನಿಸುತ್ತದೆ. ವ್ಯವಹಾರದಲ್ಲಿ ಎರಡು ಎಳೆ ಸಡಿಲವಾಗಿವೆ. ಬಹುಪಾಲು ಜನರ ಗುರುತು ಎಲ್ಲಿ ದಾಖಲಾಗಿದೆಯೋ ಆ ಪಟ್ಟಿಯನ್ನು ಆರಂಭದಿಂದ ನಡೆಸಿಕೊಂಡು ಬಂದದ್ದು ಬ್ಲೂಸ್ಕೈ ಕಂಪನಿಯೇ. ಮತ್ತೆ, ಕೀಲಿಯನ್ನು ಕೈಯಲ್ಲಿಟ್ಟುಕೊಳ್ಳುವುದು ಯಾರಿಗೆ ಬೇಕಾಗಿದೆ? ಖಾತೆ ತೆರೆಯುವಾಗ ಕೀಲಿಯೂ ಕಂಪನಿಯ ಸರ್ವರಿನಲ್ಲೇ ಇರುತ್ತದೆ, ಬಹಳ ಜನ ಅದನ್ನು ಅಲ್ಲಿಯೇ ಬಿಡುತ್ತಾರೆ. ಪಾಸ್‌ವರ್ಡನ್ನೇ ಮರೆಯುವವರ ಕೈಗೆ ಕೀಲಿ ಕೊಟ್ಟು, ಕಳೆದರೆ ಗುರುತೇ ಹೋಯಿತು ಎನ್ನುವುದೂ ನ್ಯಾಯವಲ್ಲ. ಒಡೆತನ ಮತ್ತು ನಿಶ್ಚಿಂತೆ ಎರಡನ್ನೂ ಪೂರ್ತಿಯಾಗಿ ಕೊಡುವ ತಂತ್ರಾಂಶವನ್ನು ನಾನಿನ್ನೂ ಕಂಡಿಲ್ಲ.

ನನ್ನ ಸ್ನೇಹಿತರ ಪಟ್ಟಿ ನನ್ನದೇ?

ತಂತ್ರಾಂಶದವರು ಜಾರಿಸಿಬಿಡುವ ಒಂದು ಕಗ್ಗಂಟು ಇದೆ. ನಂಟನ್ನು ಹೊರಗೆ ಒಯ್ಯುವುದು ಎಂದರೆ ಇನ್ನೊಬ್ಬರ ಮಾಹಿತಿಯನ್ನು ಹೊರಗೆ ಒಯ್ಯುವುದೂ ಹೌದು. ಫೇಸ್‌ಬುಕ್ಕಿನ ಹಳೆಯ ಎಪಿಐ ಈ ವಿಷಯದಲ್ಲಿ ಧಾರಾಳವಾಗಿತ್ತು: ಒಬ್ಬರು ಒಪ್ಪಿದರೆ ಅವರ ಸ್ನೇಹಿತರ ಮಾಹಿತಿಯನ್ನೂ ಹೊರಗಿನ ಆ್ಯಪ್ ಪಡೆಯಬಹುದಿತ್ತು. ರಸಪ್ರಶ್ನೆ ಆ್ಯಪ್ ಒಂದರ ಮೂಲಕ ಬಳಕೆದಾರರ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಕಂಪನಿಯ ಕೈಸೇರಿದ ಹಗರಣದ ಬೇರು ಅಲ್ಲಿದೆ. ಆ ರಸಪ್ರಶ್ನೆ ಆ್ಯಪನ್ನು ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಮಾಹಿತಿ ಹೋದದ್ದು 8.7 ಕೋಟಿ ಜನರದ್ದಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಅಂದಾಜಿಸಿತು. ಅದೇ ವರ್ಷ ಕಿಂಡಿಗಳು ಒಂದೊಂದಾಗಿ ಮುಚ್ಚಿದವು, ಪೋಸ್ಟ್ ಹಾಕುವ ಕಿಂಡಿಯೂ ಅವುಗಳಲ್ಲಿ ಒಂದು. ಕಳ್ಳರು ನುಗ್ಗಿದ ಬಾಗಿಲು, ಮನೆಯವರು ಹೊರಡಬೇಕಾದ ಬಾಗಿಲು ಎರಡೂ ಒಂದೇ ಆಗಿತ್ತು. ಬಳಕೆದಾರರ ರಕ್ಷಣೆಗಾಗಿ ಎಂದು ಹೇಳಿ ಬೀಗ ಬಿಗಿ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಯಾರಿಗೆ ಸಿಕ್ಕೀತು?

ಯುರೋಪಿನ ಕಾನೂನು ಈ ಕಗ್ಗಂಟಿನ ಒಂದು ತುದಿಯನ್ನು ಹಿಡಿದಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ, ವೈಯಕ್ತಿಕ ಮಾಹಿತಿಯನ್ನು ರಕ್ಷಿಸುವ ಜಿಡಿಪಿಆರ್‌ನ 20ನೆಯ ವಿಧಿ, ತಾನು ಕೊಟ್ಟ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆಯುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಆದರೆ ಅದರಿಂದ ಇತರರ ಹಕ್ಕುಗಳಿಗೆ ಧಕ್ಕೆಯಾಗಬಾರದು. ಒಂದು ಸೇವೆಯಿಂದ ಇನ್ನೊಂದಕ್ಕೆ ನೇರವಾಗಿ ಸಾಗಿಸಬೇಕಾದದ್ದು ‘ತಾಂತ್ರಿಕವಾಗಿ ಸಾಧ್ಯವಿದ್ದರೆ’ ಮಾತ್ರ. ಸಾಧ್ಯವಾಗಿಸಲೇಬೇಕು ಎಂಬ ಹೊಣೆ ಯಾರ ಮೇಲೂ ಬೀಳಲಿಲ್ಲ, ಜಿಪ್ ಕಡತಗಳು ಹೆಚ್ಚಾದವು. ನಂತರ ಬಂದ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ದೊಡ್ಡ ಕಂಪನಿಗಳಿಗೆ ನಿರಂತರ ಸಾಗಣೆಯ ಕಿಂಡಿ ಕೊಡುವಂತೆಯೂ, ಸಂದೇಶ ಸೇವೆಗಳು ಬೇರೆಯವರೊಂದಿಗೆ ಮಾತಾಡುವಂತೆಯೂ ಹೇಳುತ್ತದೆ. ಸಾಮಾಜಿಕ ಜಾಲಗಳನ್ನು ಈ ಎರಡನೆಯ ಕಟ್ಟಳೆಯ ಹೊರಗೆ ಬಿಟ್ಟಿದ್ದಾರೆ.

ಮುಕ್ತ ಪದ್ಧತಿ ಒಪ್ಪಿಕೊಂಡವರೆಲ್ಲ ಕೊನೆಯ ತನಕ ಉಳಿಯುತ್ತಾರೆ ಎಂಬ ಭರವಸೆಯೂ ಇಲ್ಲ. ಗೂಗಲಿನ ಸಂದೇಶ ಸೇವೆಯಾದ ಗೂಗಲ್ ಟಾಕ್ 2005ರಲ್ಲಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಪದ್ಧತಿಯೊಂದಿಗೆ ಬಂತು, ಮರುವರ್ಷ ಹೊರಗಿನ ಸರ್ವರುಗಳೊಂದಿಗೂ ಸಂದೇಶ ವಿನಿಮಯಕ್ಕೆ ತೆರೆದುಕೊಂಡಿತು. 2013ರಲ್ಲಿ ಅದರ ಜಾಗಕ್ಕೆ ಹ್ಯಾಂಗೌಟ್ಸ್ ಬಂದಾಗ ಆ ತೆರೆದ ಬಾಗಿಲು ಅದರಲ್ಲಿರಲಿಲ್ಲ. ಹೊರಗಿನ ಪುಟ್ಟ ಸರ್ವರುಗಳಲ್ಲಿದ್ದವರು ತಮ್ಮ ಸಂಪರ್ಕಗಳು ಒಬ್ಬೊಬ್ಬರಾಗಿ ಮಾಯವಾಗುವುದನ್ನು ನೋಡುತ್ತ ಕುಳಿತರು. ಥ್ರೆಡ್ಸ್ ಆ್ಯಕ್ಟಿವಿಟಿಪಬ್ ಕಡೆ ಬಂದಾಗ ಮಾಸ್ಟೊಡಾನಿನ ಹಲವು ಸರ್ವರುಗಳವರು ಬಾಗಿಲು ತೆಗೆಯಲು ಹಿಂಜರಿದದ್ದು ಈ ನೆನಪಿನಿಂದಲೇ.

ಬೀಗ ಮುರಿಯುವ ತಂತ್ರಾಂಶ ಬರೆಯುತ್ತೇನೆ ಎನ್ನುವವರಿಗೆ ನಾನು ಹೇಳುವುದು ಸ್ವಲ್ಪವೇ. ಆಮದನ್ನು ಮೊದಲು ಬರೆಯಿರಿ, ರಫ್ತನ್ನೂ ಅದೇ ವಾರ ಬರೆಯಿರಿ, ನಿಮ್ಮ ರಫ್ತನ್ನು ನಿಮ್ಮದೇ ಆಮದಿಗೆ ಕೊಟ್ಟು ನೋಡಿ; ಏನು ಉದುರಿತು ಎಂಬುದು ತಕ್ಷಣ ತಿಳಿಯುತ್ತದೆ. ಚಿತ್ರಗಳ ವಿಳಾಸ ಸಾಲದು, ಚಿತ್ರಗಳೇ ಕಡತದೊಳಗೆ ಬರಲಿ. ಒಳಗಿನ ಕ್ರಮಸಂಖ್ಯೆ ಎಂದೂ ಗೋಡೆ ದಾಟದಿರಲಿ, ದಾಟುವುದೆಲ್ಲ ಪೂರ್ತಿ ವಿಳಾಸವಾಗಿರಲಿ. ಬರಹಗಾರರು ಬಿಟ್ಟುಹೋದರೂ ಅವರ ಹಳೆಯ ವಿಳಾಸ ಹೊಸದರತ್ತ ಕೈತೋರಿಸಲು ಒಂದು ಸಾಲು ಉಳಿಸಿ. ಸರ್ವರಿಗೆ ಅದರಿಂದ ಬೀಳುವ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ.

ನನ್ನ ಹಳೆಯ ಸೇವೆ ಆ ಒಂದು ಸಾಲನ್ನು ಉಳಿಸಲಿಲ್ಲ. ಎರಡು ತಿಂಗಳ ಗಡುವಿನೊಳಗೆ ಚಿತ್ರಗಳನ್ನು ಹೆಕ್ಕುವ ಪುಟ್ಟ ತಂತ್ರಾಂಶವೊಂದನ್ನು ಬರೆದು, ಒಳಕೊಂಡಿಗಳನ್ನು ತಿದ್ದಿ, ಎಲ್ಲವನ್ನೂ ಸ್ವಂತ ಡೊಮೇನಿಗೆ ತಂದೆ. ವಿಳಾಸಗಳು ಅವರ ಡೊಮೇನಿನವು, ಅವುಗಳ ಮೇಲೆ ನನಗೆ ಯಾವ ಹಿಡಿತವೂ ಇರಲಿಲ್ಲ. ವರ್ಷದ ಬಳಿಕ ಅಪರಿಚಿತರೊಬ್ಬರು ಹೇಗೋ ಹುಡುಕಿ ಬರೆದರು: ತಮ್ಮ ಲೇಖನವೊಂದರಲ್ಲಿ ನನ್ನ ಬರಹಕ್ಕೆ ಕೊಂಡಿ ಕೊಟ್ಟಿದ್ದರಂತೆ, ಒತ್ತಿದರೆ ಏನೂ ಬರುತ್ತಿಲ್ಲವಂತೆ. ಹೊಸ ವಿಳಾಸ ಕಳುಹಿಸಿದೆ, ಅವರು ಕೂತು ತಿದ್ದಿದರು. ಹೀಗೆ ಮುರಿದುಬಿದ್ದ ಕೊಂಡಿಗಳು ಇನ್ನೂ ಎಲ್ಲೆಲ್ಲಿ ಇವೆಯೋ, ತಿಳಿಯುವ ಉಪಾಯ ನನ್ನಲ್ಲಿಲ್ಲ.